ಹಿರಿಯರ ಪತ್ರವೂ ನ್ಯಾಯಾಲಯದ ಡಿಕ್ರಿಯೂ

ಕೃಷ್ಣೆ ತುಂಗಭದ್ರೆಯರ ನಡುವಣ ಭೂಭಾಗದಲ್ಲಿ, ಗದ್ವಾಲಕ್ಕೂ ರಾಯಚೂರಿಗೂ ಸಮೀಪವರ್ತಿಯಾಗಿರುವ ಐಜದಂಥ ಊರುಗಳಲ್ಲಿ, ಗಂಡಹೆಂಡಿರ ಬಾಳು ಮುರಿದುಬಿದ್ದಾಗ ಎಷ್ಟೋ ಮನೆತನಗಳವರು ವಕೀಲರ ಬಳಿಗೆ ಹೋಗುವ ಮೊದಲು ಹಿರಿಯರನ್ನು ಕೂಡಿಸುವರು. ಎರಡೂ ಕಡೆಯ ಬಂಧುಗಳು ಕುಳಿತು, ಕೊಟ್ಟದ್ದು ತಂದದ್ದರ ಲೆಕ್ಕವನ್ನು ತೀರಿಸಿ, ಇನ್ನು ಒಬ್ಬರಿಗೊಬ್ಬರು ಸಂಬಂಧವಿಲ್ಲವೆಂಬರ್ಥದ ನಾಲ್ಕು ಸಾಲನ್ನು ಬಾಂಡ್ ಕಾಗದದ ಮೇಲೆ ಬರೆಯಿಸಿ, ಗಂಡನ ಸಹಿ, ಹೆಂಡತಿಯ ಹೆಬ್ಬೆಟ್ಟು, ಕೆಳಗೆ ಹಿರಿಯರ ಸಾಕ್ಷಿ ಹಾಕಿಸಿದರೆಂದರೆ ಬಿಡುಗಡೆಯಾಯಿತೆಂದೇ ಎಲ್ಲರೂ ಭಾವಿಸುವರು. ರಾಯಚೂರು ಸೀಮೆಯ ಕನ್ನಡದಲ್ಲಿ ಈ ಪತ್ರವು ಸೋಡಚೀಟಿ. ಅದನ್ನು ಪಡೆದ ಹೆಣ್ಣು ಮತ್ತೊಬ್ಬನ ಕೈಹಿಡಿದರೆ ಅದು ಉಡಿಕಿ.

ಈ ರೂಢಿ ನಿನ್ನೆ ಮೊನ್ನೆಯದಲ್ಲ. ವಿವಾಹವು ಜನ್ಮಜನ್ಮಾಂತರದ ಬಂಧವೆಂಬ ಶಾಸ್ತ್ರವಚನವು ಕೆಲವು ವರ್ಣದವರನ್ನು ಕಟ್ಟಿಹಾಕಿದ್ದರೂ, ಉಳುವ, ಕುರಿ ಕಾಯುವ, ನೇಯುವ ಕುಲಗಳವರು ಬಿಡುಗಡೆಗೂ ಮರುವಿವಾಹಕ್ಕೂ ಎಡೆಯಿಟ್ಟುಕೊಂಡೇ ಬಂದಿದ್ದರೆಂಬುದಕ್ಕೆ, ಸೈಯದ್ ಸಿರಾಜ್ ಉಲ್ ಹಸನರು ನಿಜಾಮರ ಸಂಸ್ಥಾನದ ಜಾತಿಗಳನ್ನು ಕುರಿತು 1920ರಲ್ಲಿ ಪ್ರಕಟಿಸಿದ ಗ್ರಂಥವೇ ಸಾಕ್ಷಿ. ವಿಚ್ಛೇದನವೆಂಬುದು ಪಶ್ಚಿಮದಿಂದ ಬಂದ ಪಿಡುಗೆಂದು ಹಳಿಯುವವರು ಈ ಸಂಗತಿಯನ್ನು ಅವಶ್ಯವಾಗಿ ಗಮನಿಸಬೇಕು.

ಶಾಸನವಾದರೋ ತಡವಾಗಿ ಬಂದಿತು. ಬರೋಡಾ ಸಂಸ್ಥಾನವು 1931ರಲ್ಲಿ, ಮುಂಬಯಿ ಪ್ರಾಂತವು 1947ರಲ್ಲಿ, ಮದರಾಸು 1949ರಲ್ಲಿ ಹಿಂದೂ ವಿಚ್ಛೇದನಕ್ಕೆ ದಾರಿ ಮಾಡಿದವು. ಆದುದರಿಂದ ಆಗ ಮದರಾಸಿಗೆ ಸೇರಿದ್ದ, ತುಂಗಭದ್ರೆಯ ಆಚೆ ದಡದ ಆದವಾನಿಯ ಹೆಣ್ಣಿಗೆ ಕಾನೂನಿನ ಆಸರೆಯು 1949ರಲ್ಲಿಯೇ ಒದಗಿತ್ತು. ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗರಾಯರ ಅಧ್ಯಕ್ಷತೆಯ ಸಮಿತಿಯು ಸಿದ್ಧಪಡಿಸಿದ ಹಿಂದೂ ಸಂಹಿತೆಯು ಸಂಸತ್ತಿನಲ್ಲಿ ಕುಂಟುತ್ತಿದ್ದುದನ್ನು ಕಂಡು ನೊಂದ ಅಂಬೇಡ್ಕರರು 1951ರಲ್ಲಿ ಮಂತ್ರಿಪದವನ್ನೇ ತ್ಯಜಿಸಿದರು. ಕಟ್ಟಕಡೆಗೆ 1955ರ ಮೇ 18ರಂದು ಹಿಂದೂ ವಿವಾಹ ಅಧಿನಿಯಮವು ಜಾರಿಗೆ ಬಂದಾಗ ಗದ್ವಾಲವಿನ್ನೂ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿತ್ತು. ಮರುವರ್ಷದ ನವೆಂಬರ್ 1ರಂದು ಅದು ಆಂಧ್ರಕ್ಕೆ ಸೇರಿತು, ರಾಯಚೂರು ಮೈಸೂರಿಗೆ ಸೇರಿತು.

ಆ ಶಾಸನವು ರೂಢಿಯನ್ನು ಅಳಿಸಿಹಾಕಲಿಲ್ಲ. ಅದರ 29ನೆಯ ಪ್ರಕರಣವು, ರೂಢಿಯಿಂದ ಪ್ರಾಪ್ತವಾದ ವಿಚ್ಛೇದನದ ಹಕ್ಕಿಗೆ ಈ ಅಧಿನಿಯಮದಿಂದ ಬಾಧೆಯಿಲ್ಲವೆಂದು ಸಾರುತ್ತದೆ. ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವ ಈ ಕಡೆಯ ಪದ್ಧತಿಯೂ ಇಂಥದೇ ವಿನಾಯಿತಿಯಿಂದ ಉಳಿಯಿತು. ತಲೆತಲಾಂತರದಿಂದ ಬಿಡುಗಡೆಯ ಹಕ್ಕನ್ನು ಅನುಭವಿಸುತ್ತ ಬಂದ ಬಡ ಹೆಣ್ಣುಮಕ್ಕಳನ್ನು ಕಚೇರಿಗೆ ಅಲೆಸಬಾರದೆಂಬ ಆ ವಿವೇಕವು ಉದಾರವಾದುದೆಂದೇ ನನ್ನ ಅಭಿಪ್ರಾಯ. ಆದರೆ ರೂಢಿಯುಂಟೆಂದು ಹೇಳುವವರೇ ಅದನ್ನು ರುಜುವಾತುಪಡಿಸಬೇಕು: ಅದು ಬಹುಕಾಲದಿಂದ ಏಕರೂಪವಾಗಿ ಆ ಕುಲದಲ್ಲಿ ನಡೆದುಬಂದಿರಬೇಕು, ನಿಶ್ಚಿತವಾಗಿರಬೇಕು, ಸಾರ್ವಜನಿಕ ನೀತಿಗೆ ವಿರುದ್ಧವಾಗಿರಬಾರದು. ಕರ್ನಾಟಕದಿಂದ ಹೋದ ಒಂದು ಮೇಲ್ಮನವಿಯಲ್ಲಿ ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಇದನ್ನೇ ಸ್ಪಷ್ಟಪಡಿಸಿತು. ಬಾಂಡ್ ಕಾಗದವು ಇಬ್ಬರು ಒಪ್ಪಿದರೆಂಬುದಕ್ಕೆ ಪ್ರಮಾಣವಾದೀತೇ ಹೊರತು, ರೂಢಿಯಿದ್ದಿತೆಂಬುದಕ್ಕೆ ಪ್ರಮಾಣವಾಗಲಾರದು. ರೂಢಿಯನ್ನು ಬಲ್ಲ ವೃದ್ಧರು ತೀರಿಕೊಂಡ ಮೇಲೆ ಕಟಕಟೆಯಲ್ಲಿ ನಿಂತು ಹೇಳುವವರಾರು?

ರೂಢಿ ರುಜುವಾತಾಗದಿದ್ದರೆ ಮೊದಲ ಮದುವೆ ಜೀವಂತವಾಗಿಯೇ ಉಳಿದು ಉಡಿಕಿಯು ಅಸಿಂಧುವಾಗುವುದು. ಮಕ್ಕಳಿಗೆ 16ನೆಯ ಪ್ರಕರಣದ ರಕ್ಷಣೆಯಿದೆ. ಅವಿಭಕ್ತ ಕುಟುಂಬದಲ್ಲಿ ತಂದೆಗೆ ಬರತಕ್ಕ ಪಾಲಿನಲ್ಲಿಯೂ ಅವರಿಗೆ ಹಕ್ಕುಂಟೆಂದು 2023ರಲ್ಲಿ ತೀರ್ಪಾಯಿತು. ಕಷ್ಟವೆಲ್ಲ ತಾಯಿಯದು. ತೆಲಂಗಾಣದ ಒಬ್ಬ ಮಹಿಳೆ 2005ರಲ್ಲಿ ಒಡಂಬಡಿಕೆ ಪತ್ರದ ಮೂಲಕ ಮೊದಲ ಗಂಡನಿಂದ ಬೇರೆಯಾಗಿ ಇನ್ನೊಬ್ಬನನ್ನು ವರಿಸಿದಳು. ಈ ಸಂಗತಿಯನ್ನೆಲ್ಲ ಬಲ್ಲವನಾಗಿಯೇ ಕೈಹಿಡಿದ ಆತನು, ಮಗಳು ಹುಟ್ಟಿ ವಿರಸ ಬೆಳೆದ ತರುವಾಯ, ಆಕೆಯ ಮೊದಲ ಮದುವೆ ಕಾನೂನಿನಂತೆ ರದ್ದಾಗಿಲ್ಲವಾದ ಕಾರಣ ತಾನು ಜೀವನಾಂಶ ಕೊಡಬೇಕಾಗಿಲ್ಲವೆಂದು ವಾದಿಸಿದನು. ಹೈಕೋರ್ಟು ಅದನ್ನು ಒಪ್ಪಿತು. 2025ರ ಜನವರಿ 30ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಮತ್ತು ಸತೀಶ್ ಚಂದ್ರ ಶರ್ಮರ ಪೀಠವು ಆ ತೀರ್ಪನ್ನು ರದ್ದುಗೊಳಿಸಿ ಆಕೆಗೆ ಜೀವನಾಂಶವನ್ನು ಮರಳಿ ಕೊಡಿಸಿತು. ನ್ಯಾಯವು ದೊರೆಯಿತು, ನಿಜ. ಆದರೆ ಊಟಕ್ಕೂ ಬಟ್ಟೆಗೂ ಸಾಲಬೇಕಾದ ಆ ಹಣಕ್ಕಾಗಿ ಒಬ್ಬ ತಾಯಿ ದೆಹಲಿಯವರೆಗೆ ವ್ಯಾಜ್ಯವಾಡಬೇಕಾಯಿತು.

ಗಡಿನಾಡಿನ ಸಂಕಟ ಇನ್ನೊಂದಿದೆ. ರಾಯಚೂರಿನ ಕನ್ಯೆ ಐಜಕ್ಕೂ, ಐಜದ ಕನ್ಯೆ ರಾಯಚೂರಿಗೂ ಸೊಸೆಯಾಗಿ ಹೋಗುವುದು ಇಲ್ಲಿ ಸಹಜ. ಹೆಂಡತಿಯು ತಾನಿರುವ ಊರಿನ ನ್ಯಾಯಾಲಯದಲ್ಲಿಯೇ ಅರ್ಜಿ ಹಾಕಬಹುದೆಂದು 2003ರಲ್ಲಿ ತಿದ್ದುಪಡಿಯಾಗಿದೆ. ಆದರೆ ಗಂಡನು ಮುಂಚಿತವಾಗಿ ಗದ್ವಾಲದಲ್ಲಿ ದಾವೆ ಹೂಡಿದನೆಂದರೆ, ಅದನ್ನು ರಾಯಚೂರಿಗೆ ವರ್ಗಾಯಿಸುವ ಅಧಿಕಾರ, ರಾಜ್ಯವೇ ಬೇರೆಯಾದ್ದರಿಂದ, ಸರ್ವೋಚ್ಚ ನ್ಯಾಯಾಲಯಕ್ಕೆ ಮಾತ್ರವಿದೆ.

ಹಿರಿಯರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಕೂಡಿರಿ, ಸಮಾಧಾನ ಹೇಳಿರಿ, ಲೆಕ್ಕ ತೀರಿಸಿರಿ, ಆದರೆ ಪತ್ರಕ್ಕೆ ಸಹಿ ಮಾಡಿ ಅಲ್ಲಿಗೇ ನಿಲ್ಲಿಸಬೇಡಿರಿ. ಇಬ್ಬರೂ ಒಪ್ಪಿದ್ದಾದರೆ 1976ರಲ್ಲಿ ಸೇರಿಸಿದ 13-ಬಿ ಪ್ರಕರಣದಂತೆ, ಒಂದು ವರ್ಷ ಬೇರೆಯಿದ್ದ ಮೇಲೆ, ಪರಸ್ಪರ ಸಮ್ಮತಿಯ ಡಿಕ್ರಿ ದೊರೆಯುವುದು; ಅನಂತರದ ಆರು ತಿಂಗಳ ಕಾಯುವಿಕೆಯನ್ನು ಯುಕ್ತ ಸಂದರ್ಭದಲ್ಲಿ ನ್ಯಾಯಾಲಯವು ಮನ್ನಿಸಬಹುದೆಂದು 2017ರಲ್ಲಿ ನಿರ್ಣಯವಾಗಿದೆ. ವಕೀಲರ ಖರ್ಚಿಗೆ ಅಂಜಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಅಧಿನಿಯಮದಂತೆ, ಆದಾಯವೆಷ್ಟೇ ಇರಲಿ, ಪ್ರತಿಯೊಬ್ಬ ಸ್ತ್ರೀಯೂ ಉಚಿತವಾಗಿ ವಕೀಲರ ನೆರವನ್ನು ಪಡೆಯಲು ಅರ್ಹಳು.