ಚಳಿಗೆ ಬೆರಳು ಬಿಳಿಚಿಕೊಂಡರೆ

ದೆಹಲಿಯ ಚಳಿಗಾಲದ ಬೆಳಗ್ಗೆ ಶಾಲೆಗೆ ಹೊರಟ ಮಗಳ ಬೆರಳು ಮೊದಲು ಬೆಳ್ಳಗಾಗಿ, ಆಮೇಲೆ ನೀಲಿಗಟ್ಟಿ, ಬೆಚ್ಚಗಾದಾಗ ಕೆಂಪೇರುತ್ತಿದ್ದರೆ ಅದು ರೇನಾಡ್ಸ್ ಇರಬಹುದು. ಚಳಿಗೋ ಆತಂಕಕ್ಕೋ ಬೆರಳಿನ ಸಣ್ಣ ರಕ್ತನಾಳಗಳು ಅತಿಯಾಗಿ ಬಿಗಿದು ರಕ್ತದ ಹರಿವು ಕುಗ್ಗುವುದೇ ಇದಕ್ಕೆ ಕಾರಣ. ಹದಿಹರೆಯದ ಹುಡುಗಿಯರಲ್ಲಿ ಇದು ಹೆಚ್ಚು; ಸಾಮಾನ್ಯವಾಗಿ ಅಪಾಯವಿಲ್ಲ.

ಕೈಗವಸು ಮಾತ್ರ ಸಾಲದು. ಮೈ ತಣ್ಣಗಾದರೂ ಬೆರಳಿನ ರಕ್ತನಾಳ ಬಿಗಿಯುತ್ತದೆ. ಸ್ವೆಟರ್, ಟೋಪಿ, ಕಾಲುಚೀಲಗಳನ್ನು ಹೊರಡುವ ಮೊದಲೇ ಹಾಕಿಸಿ. ಬೆರಳು ಬಿಳಿಚಿದಾಗ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಲಿ, ಇಲ್ಲವೇ ಕಂಕುಳಲ್ಲಿಟ್ಟುಕೊಳ್ಳಲಿ. ಹೀಟರ್‌ಗೆ ಒಡ್ಡುವುದು ಬೇಡ. ಮರಗಟ್ಟಿದ ಬೆರಳಿಗೆ ಸುಟ್ಟರೂ ತಿಳಿಯದು.

ಬೆರಳ ತುದಿಯಲ್ಲಿ ಹುಣ್ಣು, ಕೀಲುನೋವು, ಚರ್ಮದ ಬಿಗಿತ ಕಂಡರೆ, ಅಥವಾ ಒಂದೇ ಕೈಗೆ ಹೀಗಾಗುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಹಿಂದೆ ಲೂಪಸ್‌ನಂಥ ಕಾಯಿಲೆ ಅಡಗಿದೆಯೇ ಎಂಬುದನ್ನು ರಕ್ತಪರೀಕ್ಷೆ ಮಾಡಿಸಿ ನೋಡಬೇಕಾಗುತ್ತದೆ.