ಕೇಂದ್ರೀಕೃತ ಬೆನ್ನೆಲುಬು ಜಾಲ

ಕೇಂದ್ರೀಕೃತ ಬೆನ್ನೆಲುಬು ಜಾಲವು ಗಣಕಯಂತ್ರ ಜಾಲಗಳ ರಚನಾಕ್ರಮಗಳಲ್ಲಿ ಒಂದು. ಚಿಕ್ಕ ಜಾಲಗಳನ್ನು ಪರಸ್ಪರ ಜೋಡಿಸುವ, ಹೆಚ್ಚು ಸಾಮರ್ಥ್ಯವುಳ್ಳ ಮುಖ್ಯ ಮಾರ್ಗಕ್ಕೆ ಬೆನ್ನೆಲುಬು ಅಥವಾ ಬ್ಯಾಕ್‌ಬೋನ್ ಎಂದು ಹೆಸರು. ಈ ಕ್ರಮದಲ್ಲಿ ಎಲ್ಲ ಶಾಖೆಗಳ ತಂತಿಗಳೂ ಒಂದೇ ಸ್ಥಳದಲ್ಲಿರುವ ರೌಟರ್ ಅಥವಾ ಸ್ವಿಚ್‌ಗೆ ಬಂದು ಸೇರುತ್ತವೆ. ಒಂದು ಶಾಖೆಯಿಂದ ಇನ್ನೊಂದಕ್ಕೆ ಸಾಗುವ ದತ್ತಾಂಶವು ಆ ಕೇಂದ್ರವನ್ನು ಹಾದೇ ಹೋಗಬೇಕು. ಈ ರಚನೆಯ ಗುಣದೋಷಗಳನ್ನು ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಉದಾಹರಣೆಯಿಂದ ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

1980ರ ದಶಕದ ಈಥರ್ನೆಟ್ ಜಾಲಗಳಲ್ಲಿ ಒಂದೇ ಉದ್ದನೆಯ ತಂತಿಗೆ ಎಲ್ಲ ಗಣಕಯಂತ್ರಗಳನ್ನೂ ಜೋಡಿಸುತ್ತಿದ್ದರು. ತಂತಿ ಎಲ್ಲಿ ತುಂಡಾದರೂ ಆ ಭಾಗವೆಲ್ಲ ಸ್ತಬ್ಧವಾಗುತ್ತಿತ್ತು. 1990ರಲ್ಲಿ ರೂಪುಗೊಂಡ ಹೊಸ ಮಾನಕದಂತೆ ಪ್ರತಿಯೊಂದು ಯಂತ್ರದಿಂದಲೂ ಗರಿಷ್ಠ 100 ಮೀಟರ್ ಉದ್ದದ ಪ್ರತ್ಯೇಕ ತಂತಿಯು ಹಬ್ ಎಂಬ ಪೆಟ್ಟಿಗೆಗೆ ಬರತೊಡಗಿತು. ಮುಂದೆ ಕಟ್ಟಡದ ಎಲ್ಲ ಅಂತಸ್ತುಗಳ ತಂತಿಗಳನ್ನೂ ಒಂದೇ ಕೊಠಡಿಗೆ ತರುವುದು ರೂಢಿಗೆ ಬಂದಿತು. ನಿರ್ವಹಣೆ, ದುರಸ್ತಿ ಮತ್ತು ಭದ್ರತೆಗಳು ಒಂದೇ ಕಡೆ ಸಾಧ್ಯವಾದುದು ಇದರ ದೊಡ್ಡ ಲಾಭ.

ಇದರ ಅಪಾಯವನ್ನು ಅಮೆರಿಕದ ಎಂಜಿನಿಯರ್ ಪಾಲ್ ಬರಾನ್ 1964ರಷ್ಟು ಹಿಂದೆಯೇ ತೋರಿಸಿದ್ದರು. ಜಾಲಗಳನ್ನು ಕೇಂದ್ರೀಕೃತ, ವಿಕೇಂದ್ರೀಕೃತ ಮತ್ತು ವಿತರಿತ ಎಂದು ಮೂರು ಬಗೆಯಾಗಿ ವಿಂಗಡಿಸಿದ ಅವರು, ಕೇಂದ್ರೀಕೃತ ಜಾಲವನ್ನು ನಿಷ್ಕ್ರಿಯಗೊಳಿಸಲು ಕೇಂದ್ರವೊಂದು ನಾಶವಾದರೆ ಸಾಕೆಂದು ವಿವರಿಸಿದರು.

ಕೊಂಡಿಗಳ ಲೆಕ್ಕ

ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು, ಕೊಳ್ಳೇಗಾಲ ಮತ್ತು ಹನೂರು ಎಂಬ ಐದು ತಾಲ್ಲೂಕು ಕೇಂದ್ರಗಳನ್ನು ಜೋಡಿಸಬೇಕೆಂದು ಭಾವಿಸೋಣ. ಪ್ರತಿಯೊಂದನ್ನೂ ಉಳಿದೆಲ್ಲವುಗಳೊಡನೆ ನೇರವಾಗಿ ಜೋಡಿಸಿದರೆ 10 ಕೊಂಡಿಗಳು ಬೇಕು. ಜಿಲ್ಲಾ ಕೇಂದ್ರವಾದ ಚಾಮರಾಜನಗರವನ್ನು ನಡುವೆ ಇಟ್ಟರೆ 4 ಸಾಕು. ಉಂಗುರದಂತೆ ಸುತ್ತಿ ತಂದರೆ 5 ಬೇಕಾಗುತ್ತವೆ. ಕೇಂದ್ರೀಕೃತ ರಚನೆಗೆ ಆಡಳಿತಗಾರರು ಒಲಿಯುವುದಕ್ಕೆ ಈ ಮಿತವ್ಯಯವೇ ಮುಖ್ಯ ಕಾರಣ.

ಕರ್ನಾಟಕದಲ್ಲಿ ಬಳಕೆ

ಕೇಂದ್ರ ಸರ್ಕಾರವು 2005ರ ಮಾರ್ಚ್‌ನಲ್ಲಿ ಅನುಮೋದಿಸಿದ ರಾಜ್ಯವ್ಯಾಪಿ ಜಾಲ ಯೋಜನೆಯು ರಾಜ್ಯ, ಜಿಲ್ಲೆ ಮತ್ತು ತಾಲ್ಲೂಕು ಕೇಂದ್ರಗಳನ್ನು ಮೇಲಿನಿಂದ ಕೆಳಕ್ಕೆ ಶ್ರೇಣಿಯಾಗಿ ಜೋಡಿಸುವ ಉದ್ದೇಶ ಹೊಂದಿತ್ತು. ಪ್ರತಿ ಕೊಂಡಿಗೂ ಕನಿಷ್ಠ 2 ಎಂಬಿಪಿಎಸ್ ವೇಗವನ್ನು ನಿಗದಿಪಡಿಸಲಾಗಿತ್ತು. ಕರ್ನಾಟಕದಲ್ಲಿ ಇದು ಕೆಸ್ವಾನ್ ಎಂಬ ಹೆಸರಿನಿಂದ ಪರಿಚಿತವಾಗಿದ್ದು, ಇದರ ಕೇಂದ್ರ ಬೆಂಗಳೂರಿನಲ್ಲಿದೆ.

ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿದ ಭೂಮಿ ಯೋಜನೆಯಲ್ಲಿ ಈ ಬದಲಾವಣೆ ಸ್ಪಷ್ಟವಾಗಿ ಕಾಣುತ್ತದೆ. ಆರಂಭದಲ್ಲಿ ದಾಖಲೆಗಳು ಆಯಾ ತಾಲ್ಲೂಕು ಕಚೇರಿಯ ಗಣಕಯಂತ್ರದಲ್ಲಿಯೇ ಇದ್ದವು. ರೈತನು ತಾಲ್ಲೂಕು ಕಚೇರಿಗೇ ಬರಬೇಕಿತ್ತು, ಆದರೆ ಹೊರಗಿನ ತಂತಿ ಕಡಿದರೂ ಅಲ್ಲಿ ಪಹಣಿ ದೊರೆಯುತ್ತಿತ್ತು. ದಾಖಲೆಗಳು ಕೇಂದ್ರ ಸಂಗ್ರಹಕ್ಕೆ ಸೇರಿದ ಬಳಿಕ ಪಹಣಿಯನ್ನು ಎಲ್ಲಿಂದ ಬೇಕಾದರೂ ಪಡೆಯಬಹುದಾಯಿತು. ಆದರೆ ಸಂಪರ್ಕವಿಲ್ಲದಿದ್ದರೆ ಎಲ್ಲಿಯೂ ಪಡೆಯಲಾಗದು. ಹಳ್ಳಿಗಳಲ್ಲಿ ಇಂದು ಕೇಳಿಬರುವ ‘ಸರ್ವರ್ ಇಲ್ಲ’ ಎಂಬ ಮಾತು ಈ ವಿನಿಮಯದ ಇನ್ನೊಂದು ಮುಖ.

ನಕ್ಷೆ ಮತ್ತು ನೆಲ

ನಕ್ಷೆಯಲ್ಲಿ ನಕ್ಷತ್ರದಂತೆ ಕಾಣುವ ಜಾಲವು ನೆಲದ ಮೇಲೆ ಸರಪಳಿಯಾಗಿರುವುದುಂಟು. ಚಾಮರಾಜನಗರದಿಂದ ಹೊರಟ ರಾಷ್ಟ್ರೀಯ ಹೆದ್ದಾರಿ 948 ಯಳಂದೂರನ್ನು ಹಾದು ಕೊಳ್ಳೇಗಾಲ ತಲುಪುತ್ತದೆ. ಅಲ್ಲಿಂದ ಕವಲೊಡೆದ ರಸ್ತೆಯು ಹನೂರಿನ ಮೂಲಕ ಮಲೆ ಮಹದೇಶ್ವರ ಬೆಟ್ಟಕ್ಕೆ ಏರುತ್ತದೆ. 2017ರ ರಾಜ್ಯ ಆಯವ್ಯಯದಲ್ಲಿ ಘೋಷಿತವಾಗಿ ಕೊಳ್ಳೇಗಾಲದಿಂದ ಬೇರ್ಪಟ್ಟ ಹನೂರು, ಆಡಳಿತದ ಲೆಕ್ಕದಲ್ಲಿ ಉಳಿದವುಗಳಿಗೆ ಸಮಾನವಾದ ತಾಲ್ಲೂಕು. ಆದರೆ ತಂತಿಯು ರಸ್ತೆಯ ಬದಿಯನ್ನೇ ಹಿಡಿದು ಸಾಗಿದಲ್ಲಿ, ಯಳಂದೂರಿನ ಬಳಿ ರಸ್ತೆ ಅಗೆಯುವ ಯಂತ್ರವೊಂದು ಅದನ್ನು ಕತ್ತರಿಸಿದರೆ ಕೊಳ್ಳೇಗಾಲ ಮತ್ತು ಹನೂರುಗಳೆರಡೂ ಸಂಪರ್ಕ ಕಳೆದುಕೊಳ್ಳುತ್ತವೆ.

ಪ್ರತಿ ಕೊಂಡಿಯೂ ವರ್ಷದ ಶೇ. 99ರಷ್ಟು ಕಾಲ ಸುಸ್ಥಿತಿಯಲ್ಲಿರುತ್ತದೆ ಎಂದು ಊಹಿಸಿದರೆ, ಒಂದು ಕೊಂಡಿಯ ದೂರದಲ್ಲಿರುವ ಊರಿಗೆ ವರ್ಷಕ್ಕೆ ಸುಮಾರು 3.65 ದಿನ ಸೇವೆ ತಪ್ಪುತ್ತದೆ. ಒಂದರ ಮುಂದೊಂದಾಗಿ ಮೂರು ಕೊಂಡಿಗಳನ್ನು ದಾಟಬೇಕಾದ ಊರಿಗೆ ಇದು ಸುಮಾರು 10.8 ದಿನಗಳಾಗುತ್ತದೆ. ಪಡಿತರ ಅಂಗಡಿಯಲ್ಲಿ ಬೆರಳಚ್ಚು ತಾಳೆಯಾಗದೆ ಹಿಂದಿರುಗುವ ಕೂಲಿಕಾರ್ಮಿಕನಿಗೆ ಅಂತಹ ಒಂದೊಂದು ದಿನವೂ ಒಂದು ದಿನದ ಕೂಲಿಯ ನಷ್ಟ. ಜಾಲದ ತುದಿಯಲ್ಲಿರುವವರಿಗೇ ಈ ನಷ್ಟ ಹೆಚ್ಚು.

ಪರಿಹಾರ ಕ್ರಮಗಳು

ಮೊದಲನೆಯದು ಕೇಂದ್ರವನ್ನು ಇಮ್ಮಡಿಗೊಳಿಸುವುದು. ಆಧಾರ್ ವ್ಯವಸ್ಥೆಯ ದತ್ತಾಂಶ ಕೇಂದ್ರಗಳು ಬೆಂಗಳೂರು ಮತ್ತು ಹರಿಯಾಣದ ಮಾನೇಸರ್ ಎಂಬ ಎರಡು ಕಡೆ ಇವೆ.

ಎರಡನೆಯದು ಮಾರ್ಗವನ್ನು ಇಮ್ಮಡಿಗೊಳಿಸುವುದು. ಶೇ. 99ರ ಎರಡು ಸ್ವತಂತ್ರ ಮಾರ್ಗಗಳಿದ್ದರೆ ಸೇವೆ ತಪ್ಪುವ ಅವಧಿ ವರ್ಷಕ್ಕೆ ಒಂದು ಗಂಟೆಗೂ ಕಡಿಮೆಯಾಗುತ್ತದೆ. ಎರಡು ತಂತಿಗಳನ್ನೂ ಒಂದೇ ಕಾಲುವೆಯಲ್ಲಿ ಹೂಳಿದರೆ ಈ ಲೆಕ್ಕ ಅನ್ವಯಿಸದು. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ತಲುಪಿಸುವ ಯೋಜನೆಯು 2011ರಲ್ಲಿ ಅನುಮೋದನೆ ಪಡೆದು, ಮುಂದೆ ಭಾರತ್‌ನೆಟ್ ಎಂದು ಹೆಸರಾಯಿತು. 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ಇದರ ಪರಿಷ್ಕೃತ ರೂಪವು ಪಂಚಾಯಿತಿಗಳನ್ನು ಉಂಗುರ ಮಾದರಿಯಲ್ಲಿ ಜೋಡಿಸಲು ಉದ್ದೇಶಿಸಿದೆ. ಉಂಗುರ ಒಂದು ಕಡೆ ತುಂಡಾದರೆ ದತ್ತಾಂಶವು ಇನ್ನೊಂದು ದಿಕ್ಕಿನಿಂದ ಸಾಗುತ್ತದೆ. 2013ರಲ್ಲಿ ಘೋಷಿತವಾದ ಮಲೆ ಮಹದೇಶ್ವರ ವನ್ಯಜೀವಿಧಾಮದಂತಹ ಅರಣ್ಯದ ನಡುವೆ ಉಂಗುರವನ್ನು ಪೂರ್ಣಗೊಳಿಸಬೇಕಾದಲ್ಲಿ ಅರಣ್ಯ ಇಲಾಖೆಯ ಅನುಮತಿ ಅಗತ್ಯ. ಬೆಟ್ಟದ ಊರುಗಳಲ್ಲಿ ರೇಡಿಯೋ ಅಥವಾ ಉಪಗ್ರಹ ಸಂಪರ್ಕವನ್ನು ಎರಡನೆಯ ಮಾರ್ಗವಾಗಿ ಬಳಸಬಹುದು.

ಮೂರನೆಯದು ಕೆಲವು ಕಾರ್ಯಗಳನ್ನು ತುದಿಯಲ್ಲೇ ಉಳಿಸಿಕೊಳ್ಳುವುದು. ಸಂಪರ್ಕವಿಲ್ಲದ ವೇಳೆ ವ್ಯವಹಾರವನ್ನು ಸ್ಥಳೀಯ ಯಂತ್ರದಲ್ಲಿ ದಾಖಲಿಸಿಕೊಂಡು, ಸಂಪರ್ಕ ಮರಳಿದಾಗ ಕೇಂದ್ರಕ್ಕೆ ಕಳುಹಿಸುವ ವ್ಯವಸ್ಥೆ ಈ ವರ್ಗಕ್ಕೆ ಸೇರುತ್ತದೆ. ಒಂದೇ ದಾಖಲೆಯನ್ನು ಎರಡು ಕಡೆ ಬದಲಿಸಿದಾಗ ಉಂಟಾಗುವ ವ್ಯತ್ಯಾಸವನ್ನು ಸರಿಪಡಿಸುವ ನಿಯಮವನ್ನು ಇಲ್ಲಿ ಮೊದಲೇ ನಿಶ್ಚಯಿಸಿರಬೇಕು.