ಹೆಸರು ಕಳುವಾಗುವ ಕಾಲದಲ್ಲಿ ಶಾಲೆಯ ಪಾಠ

ಹತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಗ್ರಾಹಕ ಸಂರಕ್ಷಣೆಯ ಪಾಠವೊಂದಿದೆ. ತೂಕದಲ್ಲಿ ಮೋಸ, ಕಲಬೆರಕೆ, ರಸೀದಿ ಪಡೆಯುವ ಅಗತ್ಯ ಇವುಗಳನ್ನು ಮಕ್ಕಳು ಬಾಯಿಪಾಠ ಮಾಡಿ ಅಂಕ ಗಳಿಸುತ್ತಾರೆ. ಆದರೆ ಅವರ ಕೈಯಲ್ಲಿಂದು ಮೊಬೈಲ್ ಇದೆ. ಹತ್ತು ವರ್ಷ ಮೀರಿದ ಮಕ್ಕಳು ಸ್ವತಃ ಉಳಿತಾಯ ಖಾತೆ ನಡೆಸಲು ರಿಸರ್ವ್ ಬ್ಯಾಂಕು 2014ರಲ್ಲಿಯೇ ಅವಕಾಶ ಕಲ್ಪಿಸಿದೆ. ವ್ಯವಹಾರ ಮನೆಯೊಳಗೆ ಬಂದಿರುವಾಗ ಎಚ್ಚರಿಕೆಯ ಮಾತು ಪುಸ್ತಕದಲ್ಲೇ ಉಳಿದರೆ ಪ್ರಯೋಜನವೇನು?

ಇನ್ನೊಬ್ಬರ ಪಾಸ್‌ವರ್ಡನ್ನೋ ಗುರುತಿನ ಸಂಕೇತವನ್ನೋ ವಂಚನೆಯಿಂದ ಬಳಸುವುದನ್ನು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಮು ಅಪರಾಧವೆಂದು ಸಾರುತ್ತದೆ. 2008ರ ತಿದ್ದುಪಡಿಯಿಂದ ಸೇರಿದ ಈ ಕಲಮಿನಂತೆ 3 ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಗೆಳೆಯನ ಹೆಸರಿನಲ್ಲಿ ತಮಾಷೆಗೆಂದು ಖಾತೆ ತೆರೆಯುವ ಹುಡುಗನಿಗೆ ಇದು ತಿಳಿದಿರುವುದು ಅಪರೂಪ.

ನಮ್ಮನ್ನು ಹೆಚ್ಚು ಕಳವಳಗೊಳಿಸುವುದು ಮತ್ತೊಂದು ಸಂಗತಿ. ‘ನಿನ್ನ ಬ್ಯಾಂಕ್ ಖಾತೆಯನ್ನು ಕೆಲವು ದಿನ ಕೊಡು, ಕಮಿಷನ್ ಕೊಡುತ್ತೇವೆ’ ಎಂದು ಎಳೆಯರನ್ನು ಪುಸಲಾಯಿಸುವವರಿದ್ದಾರೆ. ಯಾರಿಂದಲೋ ದೋಚಿದ ಹಣ ಆ ಖಾತೆಯ ಮೂಲಕ ಹಾದುಹೋಗುತ್ತದೆ. ಪೊಲೀಸರು ಬರುವುದು ಖಾತೆದಾರನ ಮನೆ ಬಾಗಿಲಿಗೆ. ಗಲ್ಫಿನಲ್ಲಿ ದುಡಿಯುವ ತಂದೆ ಕಳುಹಿಸಿದ ಹಣವೂ ಅದೇ ಖಾತೆಯಲ್ಲಿದ್ದು, ಅದು ಸ್ತಂಭನಗೊಂಡರೆ ಆ ತಿಂಗಳ ಸಂಸಾರ ನಡೆಯುವುದು ಹೇಗೆ? ಅಧ್ಯಾಪಕರು ಇದೊಂದನ್ನೇ ಒಂದು ಪೂರ್ಣ ಅವಧಿ ವಿವರಿಸಿದರೂ ಹೆಚ್ಚಾಗದು.

ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿತೆಂದರೆ ಹಣ ಹೋಗುತ್ತಿದೆ ಎಂದೇ ಅರ್ಥ. ಆಧಾರ್ ಪ್ರತಿ ಕೊಡುವಲ್ಲಿ ಕೊನೆಯ 4 ಅಂಕಿಗಳಷ್ಟೇ ಕಾಣುವ ಪ್ರತಿಯನ್ನು ಪಡೆದುಕೊಳ್ಳಲು ಸಾಧ್ಯವಿದೆ. (ಜೆರಾಕ್ಸ್ ಅಂಗಡಿಯಲ್ಲಿ ಕೆಟ್ಟ ಪ್ರತಿಯನ್ನು ಬಿಟ್ಟು ಬರುವ ನಮ್ಮ ಅಭ್ಯಾಸವನ್ನೂ ಇಲ್ಲಿ ಹೇಳಲೇಬೇಕು.)

ಗ್ರಾಹಕ ಸಂರಕ್ಷಣಾ ಕಾಯಿದೆ 1986ರದ್ದು ಹೋಗಿ 2019ರದ್ದು ಬಂದಿದೆ. 2020ರ ಜುಲೈನಿಂದ ಜಾರಿಯಲ್ಲಿದೆ. ಈಗ ತಾವು ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ. ಗ್ರಾಹಕರು ಅಪ್ರಾಪ್ತರಾದರೆ ತಂದೆತಾಯಿ ಅಥವಾ ಕಾನೂನುಬದ್ಧ ಪೋಷಕರು ದೂರುದಾರರಾಗಬಹುದು. ಆನ್‌ಲೈನಿನಲ್ಲಿ ಕೊಂಡ ಹರಿದ ಪಾದರಕ್ಷೆಯ ಬಗ್ಗೆ ಅರ್ಜಿಯೊಂದನ್ನು ತರಗತಿಯಲ್ಲೇ ಬರೆಯಿಸಬಾರದೇಕೆ?

ಹಣ ಕಳೆದುಕೊಂಡವರು ನಾಚಿಕೆಯಿಂದ ಮುಚ್ಚಿಡುವುದುಂಟು, ಮಕ್ಕಳಂತೂ ಬೈಗುಳಕ್ಕೆ ಹೆದರುತ್ತಾರೆ. 1930ಕ್ಕೆ ಕೂಡಲೇ ಕರೆ ಮಾಡಿದರೆ ವಂಚಕನ ಕೈಸೇರುವ ಮುನ್ನವೇ ಹಣವನ್ನು ತಡೆಹಿಡಿಯುವ ಸಾಧ್ಯತೆಯಿದೆ. ವಸ್ತು, ಸೇವೆಗಳ ದೂರಿಗೆ 1915. ತಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ಕೇಂದ್ರ ಸರಕಾರದ ‘ಸಂಚಾರ ಸಾಥಿ’ಯಲ್ಲಿ ನೋಡಬಹುದು, ಅಜ್ಜ ಅಜ್ಜಿಯರ ಸಂಖ್ಯೆಗಳನ್ನೂ ಮಕ್ಕಳೇ ಪರಿಶೀಲಿಸಿ ಕೊಡಲಿ.